ದೆವ್ವದ ಹೆಂಡತಿಯ ಜೊತೆ ಜಪಾನಿಗೆ

ನಮ್ಮ ಕಡೆ ಈಗ ಎಲ್ಲರ ಬಾಯಲ್ಲೂ ಇರುವ ಕಥೆ ಇದು. ಬಣಕಲ್‌ನ ಜೀಪ್ ಮೆಕ್ಯಾನಿಕ್ ನಜೀರ್ ಕೈಗೆ ಸಿಕ್ಕ ಸಾಮಾನಿನಲ್ಲೇ ಒಂದು ದೆವ್ವದ ಹಾಸ್ಯಚಿತ್ರ ಮಾಡಿದ. ಜಪಾನಿನವರು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸಾಕಾಗದೆ ಅದನ್ನೇ ಹಾಡಿನ ನಾಟಕ ಮಾಡಿ, ನಮ್ಮನ್ನು ಕರೆಸಿ ಶಾಲು ಹೊದಿಸಿ ಕಳಿಸಿದರು. ಮೂಡಿಗೆರೆ ಬಸ್‌ಸ್ಟ್ಯಾಂಡಿನಿಂದ ಕಳಸದ ಅಡಿಕೆ ಮಂಡಿಯವರೆಗೆ ಇದೇ ಪಾಠ ನಡೆಯುತ್ತಿದೆ. ಅತ್ತಿಗುಂಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಮಾರುವವರೊಬ್ಬರು ನನಗೇ ಇದನ್ನು ಹೇಳಿದರು, ನಾನು ಅಲ್ಲಿಗೆ ಹೋಗಿ ಬಂದವಳು ಎಂದು ಗೊತ್ತಿಲ್ಲದೆ.

ಇದರಲ್ಲಿ ನಜೀರ್ ಸಿನಿಮಾ ಮಾಡಿದ, ಅವರು ಅದನ್ನು ನಾಟಕ ಮಾಡಿ ನಮ್ಮನ್ನು ಕರೆಸಿದರು ಎನ್ನುವುದಷ್ಟೇ ನಿಜ. ಜಪಾನಿನಲ್ಲಿ ಯಾರೂ ಯಾರಿಗೂ ಶಾಲು ಹೊದಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವರು ನಗಲಿಲ್ಲ. ಅತ್ತರು. ಒಂದು ಊರಿನ ನಾಟಕ ತಂಡ ಇಡಿಯಾಗಿ ಕುಳಿತು ನಮ್ಮ ಹಾಸ್ಯಚಿತ್ರ ನೋಡಿ ಕಣ್ಣೊರೆಸಿಕೊಂಡಿತು. ಅಳಿಸಿದವಳು ನಾನು.

ಬಣಕಲ್

ಸಿನಿಮಾದ ಹೆಸರು ‘ರೈಟರ್ ಬಂದ್ರು’. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಎಸ್ಟೇಟಿನಲ್ಲಿ ಬೆಳಿಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವವನು. ನಮ್ಮ ಸಿನಿಮಾದ ರೈಟರ್ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯ ಮೆಟ್ಟಿಲು ಜಾರಿ ಸಾಯುತ್ತಾನೆ. ಮರುದಿನ ಬೆಳಿಗ್ಗೆ ಹಾಜರಿಗೆ ಬರುತ್ತಾನೆ. ಅದರ ಮರುದಿನವೂ ಬರುತ್ತಾನೆ. ಊರು ಮಾಡದ ಉಪಾಯವಿಲ್ಲ. ಕೊನೆಗೆ ಮಂತ್ರವಾದಿ ಮೂಲ ಹಿಡಿಯುತ್ತಾನೆ: ಸಾಯುವ ದಿನ ಮನೆ ಬಿಡುವಾಗ ಈತ ಹೆಂಡತಿಗೆ ‘ಬರ್ತೀನಿ’ ಅಂದಿದ್ದ. ಕೊಟ್ಟ ಮಾತು, ಅದಕ್ಕೇ ಬರುತ್ತಿದ್ದಾನೆ. ಈಗ ಹೆಂಡತಿಯೇ ಬಾಗಿಲಲ್ಲಿ ನಿಂತು ‘ಹೋಗಿ’ ಎಂದು ಒಂದೇ ಒಂದು ಮಾತು ಹೇಳಬೇಕು, ಮುಗಿಯಿತು.

ಹೆಂಡತಿ ಬಾಗಿಲಿಗೆ ಬರುತ್ತಾಳೆ. ಮಂತ್ರವಾದಿ ಹಿಂದಿನಿಂದ ಕೈ ಬೀಸುತ್ತಾನೆ. ದೆವ್ವ ಎಂದಿನಂತೆ ‘ಬರ್ತೀನಿ’ ಅನ್ನುತ್ತದೆ. ಆಕೆ ಹೇಳುತ್ತಾಳೆ: ‘ಹೋಗಿ ಬನ್ನಿ.’

ಮಂತ್ರವಾದಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಾನೆ. ದೆವ್ವ ‘ಆಯ್ತು’ ಅನ್ನುತ್ತದೆ. ಮರುದಿನ ಬೆಳಿಗ್ಗೆ ಹಾಜರಿ. ಶುಭಂ.

ಮಲೆನಾಡಿನಲ್ಲಿ ಹುಟ್ಟಿದ ಯಾವ ಹೆಂಗಸೂ ಹೊಸಿಲ ಮೇಲೆ ನಿಂತವರಿಗೆ ಬರೀ ‘ಹೋಗಿ’ ಎನ್ನಲಾರಳು. ಜಗಳವಾಡಿ ಹೊರಟವನಿಗೂ ‘ಹೋಗಿ ಬನ್ನಿ’ ಎಂದೇ ಹೇಳುತ್ತಾಳೆ. ಹೆಂಡತಿಯ ಪಾತ್ರ ಮಾಡಿದ ಗಂಗಕ್ಕ ಬಣಕಲ್‌ನಲ್ಲಿ ದಿನಸಿ ಅಂಗಡಿ ನಡೆಸುವವರು. ದೆವ್ವದ ಪಾತ್ರ ಅವರ ನಿಜವಾದ ಗಂಡ ಶಿವಣ್ಣನವರದ್ದು. ಮುಖಕ್ಕೆ ಅಕ್ಕಿಹಿಟ್ಟು ಬಳಿದು, ಜೀಪಿನ ಅಡಿಗೆ ನುಗ್ಗಲು ನಜೀರ್ ಇಟ್ಟುಕೊಂಡಿದ್ದ ಚಕ್ರದ ಹಲಗೆಯ ಮೇಲೆ ನಿಲ್ಲಿಸಿ, ತೇಲಿ ಬಂದಂತೆ ಕಾಣಲೆಂದು ಹಗ್ಗ ಕಟ್ಟಿ ಎಳೆದದ್ದು. ನಜೀರ್ ಬರೆದ ಕಥೆಯಲ್ಲಿ ಆಕೆ ಸರಿಯಾಗಿ ‘ಹೋಗಿ’ ಎಂದು ಹೇಳಿ ದೆವ್ವ ಮಾಯವಾಗಬೇಕಿತ್ತು. ಕ್ಯಾಮೆರಾ ಓಡುವಾಗ ಗಂಗಕ್ಕನ ಬಾಯಿ ತಪ್ಪಿತು, ‘ಹೋಗಿ ಬನ್ನಿ’ ಬಂತು. ಮತ್ತೊಮ್ಮೆ ತೆಗೆಯೋಣ ಎಂದರೆ ಬ್ಯಾಟರಿ ಸತ್ತಿತ್ತು. ಮನೆಗೆ ಹೋಗಿ ನೋಡಿದ ಮೇಲೆ ನಜೀರ್‌ಗೆ ಅರ್ಥವಾಯಿತು, ಬಾಯಿ ತಪ್ಪಿ ಸಿನಿಮಾ ಸರಿಯಾಗಿತ್ತು.

ಇಂಗ್ಲಿಷ್ ಅಡಿಬರಹ, ಅಂದರೆ ಸಬ್‌ಟೈಟಲ್, ಬರೆಯುವ ಕೆಲಸ ನನಗೆ ಬಂತು. ಚಿಕ್ಕಮಗಳೂರಿನ ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಯ ಕಪ್ ಗೆದ್ದವಳು ನಾನು. ಹೆಸರು ಸಹನಾ, ಹೆಸರಿಟ್ಟವರು ಈಗಲೂ ಪಶ್ಚಾತ್ತಾಪ ಪಡುತ್ತಾರೆ. ನಾನು ‘ಬರ್ತೀನಿ’ ಎಂಬಲ್ಲಿ ‘ಬೈ’ ಎಂದು ಬರೆದೆ. ‘ಹೋಗಿ ಬನ್ನಿ’ ಎಂಬಲ್ಲಿ ‘ಗುಡ್‌ಬೈ’.

“ಅದು ಬೇರೆ, ಇದು ಬೇರೆ ಅಲ್ವಾ ಸಹನಾ?” ಎಂದ ನಜೀರ್.

“ಹೊರಗಿನವರಿಗೆ ‘ನಾನು ಬರುತ್ತೇನೆ’ ಅಂತ ಬರೆದರೆ ಗೊಂದಲ ನಜೀರಣ್ಣ. ಹೊರಟವನು ಬರ್ತೀನಿ ಅಂತಾನಲ್ಲ, ಎಲ್ಲಿಗೆ ಅಂತ ಕೇಳ್ತಾರೆ. ಅಡಿಬರಹ ಚಿಕ್ಕದಾಗಿ, ಸಹಜವಾಗಿ ಇರಬೇಕು.”

ಅರ್ಧ ಗಂಟೆ ವಾದ ಮಾಡಿದೆ. ಮೂರು ಉದಾಹರಣೆ ಕೊಟ್ಟೆ. ಗೆದ್ದೆ. ಆ ಗೆಲುವಿನಿಂದ ಜಪಾನಿಗೆ ತಲುಪಿದ ಸಿನಿಮಾ ಏನೆಂದರೆ: ಸತ್ತ ಗಂಡ ‘ಬೈ’ ಅನ್ನುತ್ತಾನೆ, ಹೆಂಡತಿ ‘ಗುಡ್‌ಬೈ’ ಅನ್ನುತ್ತಾಳೆ, ಮಂತ್ರವಾದಿ ದುಃಖ ತಡೆಯಲಾರದೆ ತಲೆ ಹಿಡಿದುಕೊಂಡು ಕುಸಿಯುತ್ತಾನೆ. ಅಳದೆ ಇನ್ನೇನು ಮಾಡಿಯಾರು?

ಶಿಜುಒಕಾ ಎಂಬ ಸೀಮೆಯ ಒಂದು ಗುಡ್ಡದೂರಿನ ತಂಡ, ನಜೀರ್ ಇಂಟರ್ನೆಟ್ಟಿನಲ್ಲಿ ಹಾಕಿದ್ದ ಸಿನಿಮಾ ನೋಡಿ, ಅದನ್ನು ಸಂಗೀತ ನಾಟಕವಾಗಿ ಮಾಡಲು ಒಪ್ಪಿಗೆ ಕೇಳಿತು. ಮೊದಲ ಪ್ರದರ್ಶನಕ್ಕೆ ಕರೆಯೂ ಬಂತು, ಜೊತೆಗೆ ನಾಟಕದ ಕೊನೆಯ ಹಾಡಿನ ಇಂಗ್ಲಿಷ್ ಅರ್ಥ. ಓದಿದ ಮೇಲೆ ನನ್ನ ಅಡಿಬರಹ ಏನು ಮಾಡಿದೆ ಎಂದು ಗೊತ್ತಾಯಿತು. ಹೆಂಡತಿ ಹನ್ನೆರಡು ಸಾಲು ವಿದಾಯ ಹಾಡುತ್ತಾಳೆ, ದೆವ್ವ ಬೆಳಕಿನಲ್ಲಿ ಕರಗುತ್ತದೆ.

ಗಂಗಕ್ಕನಿಗೆ ಹೇಳಿದೆ. ಅವರು ಬೇಳೆ ತೂಗುತ್ತಿದ್ದರು. ತಕ್ಕಡಿ ಇಳಿಸಿದರು.

“ಅಂದ್ರೆ ನನ್ ಮಾತೇ ಇಲ್ವಾ?”

“ಇಲ್ಲ ಅಕ್ಕ.”

“ಇಡೀ ಸಿನಿಮಾದಲ್ಲಿ ನಂಗಿದ್ದಿದ್ದು ಅದೊಂದು ಮಾತು ಮಾರಾಯ್ತಿ. ಕಳಸದಿಂದ ಬಂದೋರು ಸಾಮಾನು ತಗೊಂಡು ಹೋಗುವಾಗ ನನ್ ಬಾಯಿಂದ ಅದನ್ನ ಕೇಳ್ಕೊಂಡೇ ಹೋಗ್ತಾರೆ. ಅದು ತೆಗೆದ್ರೆ ನಾನು ಸುಮ್ನೆ ಬಾಗಿಲಿಗೆ ನಿಲ್ಸಿದ್ ಕಂಬ.” ಮತ್ತೆ ತಕ್ಕಡಿ ಎತ್ತಿದರು. “ನಡಿ. ಹೋಗಿ ಹೇಳಣ ಅವ್ರಿಗೆ.”

ನಜೀರ್ ಬರಲಿಲ್ಲ. ಕೆಟ್ಟು ನಿಂತರೆ ತಾನೇ ಇಳಿದು ರಿಪೇರಿ ಮಾಡಲಾಗದ ಗಾಡಿ ಹತ್ತುವುದಿಲ್ಲ ಎಂಬುದು ಅವನ ನಿಯಮ. ವಿಮಾನವೂ ಆ ಲೆಕ್ಕಕ್ಕೇ ಬಂತು. ಅಂಗಡಿ ಮುಚ್ಚಬಾರದೆಂದು ಶಿವಣ್ಣನವರೂ ಉಳಿದರು. ಹೀಗೆ ದೆವ್ವ ಊರಲ್ಲೇ ಉಳಿಯಿತು, ದೆವ್ವದ ಹೆಂಡತಿಯೂ ನಾನೂ ಹೊರಟೆವು.

ಮೊದಲ ದಿನ: ಬಾಚಿದ ಗುಡ್ಡ

ಕಾಫಿ ಗುಡ್ಡದವರು ಟೀ ಗುಡ್ಡ ನೋಡಿದರೆ ಮೊದಲು ಬರುವುದು ಅಹಂಕಾರ. ನಮ್ಮಲ್ಲಿ ಮೇಲೆ ನೆರಳಿಗೆ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ, ಅದರ ಕೆಳಗೆ ಏನೇನೋ. ಒಂದು ಎಕರೆಯಲ್ಲಿ ಒಂದು ಊರು. ಅಲ್ಲಿ ಗಿಡದ ಮೇಲೆ ನೇರ ಆಕಾಶ. ಸಾಲು ಸಾಲಾಗಿ ಕತ್ತರಿಸಿ, ಎಣ್ಣೆ ಹಾಕಿ ಬಾಚಿದ ತಲೆಯಂತೆ ಗುಡ್ಡ. ನಡುನಡುವೆ ಉದ್ದ ಕಂಬ, ಕಂಬದ ತುದಿಗೆ ಫ್ಯಾನು.

“ಗಿಡಕ್ಕೆ ಸೆಕೆಯಾಗತ್ತಾ ಇಲ್ಲಿ?” ಎಂದರು ಗಂಗಕ್ಕ.

ನಮ್ಮನ್ನು ಕರೆದೊಯ್ಯಲು ಬಂದಿದ್ದ ಹಾರುಕಾ ಎಂಬ ಹುಡುಗಿ ನಾಟಕ ತಂಡದ ದುಭಾಷಿ, ಇಂಗ್ಲಿಷ್ ಬಲ್ಲವಳು. ಸೆಕೆಗಲ್ಲ, ಇಬ್ಬನಿ ಗಟ್ಟಿಯಾಗಿ ಚಿಗುರು ಸುಡಬಾರದೆಂದು ಮೇಲಿನ ಬೆಚ್ಚನೆಯ ಗಾಳಿಯನ್ನು ಕೆಳಗೆ ತಳ್ಳುವ ಫ್ಯಾನು ಎಂದು ವಿವರಿಸಿದಳು. ಗಂಗಕ್ಕ ಕೇಳಿಸಿಕೊಂಡು, “ಬುದ್ಧಿವಂತರು ಕಣೆ. ಇವರ ಹತ್ರ ಜಗಳ ಆಡೋದು ಕಷ್ಟ” ಎಂದರು.

ಊಟದ ವಿಷಯದಲ್ಲಿ ಮೊದಲ ದಿನವೇ ದೆವ್ವದ ಅನುಭವವಾಯಿತು. ಗಂಗಕ್ಕ ಲಿಂಗಾಯತರ ಮನೆಯವರು, ಮೀನಿನ ವಾಸನೆಯೂ ಆಗದು. ತರಕಾರಿ ದೋಸೆಯಂಥದ್ದೊಂದು ತಟ್ಟೆಯಲ್ಲಿ ಬಂತು. ಅದರ ಮೇಲೆ ಬಡಗಿ ಮರಕ್ಕೆ ಹತ್ತರಿ ಹೊಡೆದಾಗ ಉದುರುವಂಥ ತೆಳುವಾದ ಸಿಪ್ಪೆಗಳು, ಬಿಸಿ ಹಬೆಗೆ ಒಂದೊಂದಾಗಿ ಎದ್ದು ಕುಣಿಯತೊಡಗಿದವು.

“ಜೀವ ಉಂಟು ಮಾರಾಯ್ತಿ!” ಗಂಗಕ್ಕ ಕುರ್ಚಿ ಹಿಂದಕ್ಕೆ ಎಳೆದರು.

ಒಣಮೀನಿನ ಸಿಪ್ಪೆ. ಅಲ್ಲಿಂದಾಚೆ ಇದ್ದಷ್ಟು ದಿನವೂ ಅವರಿಗೆ ಬಿಳಿ ಅನ್ನ, ಹುಳಿ ಹಣ್ಣಿನ ಒಂದು ಉಪ್ಪಿನಕಾಯಿ, ಮತ್ತು ತಾವೇ ತಂದಿದ್ದ ಚಟ್ನಿಪುಡಿ. ಹಸಿರು ಟೀಯನ್ನು ಮಾತ್ರ ಮರ್ಯಾದೆಗೆ ಕುಡಿದು, “ಕಷಾಯ ಚೆನ್ನಾಗಿದೆ, ಯಾರಿಗೆ ಜ್ವರ?” ಎಂದರು. ನಾನು ಅದನ್ನು ಹಾರುಕಾಗೆ ಅನುವಾದಿಸಲಿಲ್ಲ. ಅನುವಾದದಲ್ಲಿ ನನಗೆ ಆಗಲೇ ಕೆಟ್ಟ ಹೆಸರಿತ್ತು.

ಎರಡನೆಯ ದಿನ: ತಾಲೀಮಿನ ಕೋಣೆ

ತಂಡದ ನಿರ್ದೇಶಕಿ ಮೊರಿತಾ ಅವರಿಗೆ ಐವತ್ತರ ಆಸುಪಾಸು. ಬಗ್ಗಿ ನಮಸ್ಕರಿಸಿದರು, ಗಂಗಕ್ಕ ಅದಕ್ಕಿಂತ ಬಗ್ಗಿದರು, ಅವರು ಮತ್ತೂ ಬಗ್ಗಿದರು. ಇದು ನೆಲ ಮುಟ್ಟುವವರೆಗೆ ನಡೆಯುತ್ತದೆ ಎಂದುಕೊಂಡಾಗ ಹಾರುಕಾ ನಡುವೆ ಬಂದು ಇಬ್ಬರನ್ನೂ ಕೂರಿಸಿದಳು.

ಕೊನೆಯ ದೃಶ್ಯ ತೋರಿಸಿದರು. ಚೆನ್ನಾಗಿತ್ತು, ಅದೇ ತೊಂದರೆ. ಹೆಂಡತಿಯ ಪಾತ್ರದ ಎಮಿ ಎಂಬ ನಟಿ ಹಾಡಿದ ರೀತಿಗೆ ನಾನು ಬಂದ ಕೆಲಸವನ್ನೇ ಮರೆತೆ. ಪ್ರತಿ ಸಾಲಿನ ಕೊನೆಗೆ ‘ಸಾಯೊನಾರಾ’ ಬರುತ್ತಿತ್ತು.

ಗಂಗಕ್ಕ ನನ್ನ ಕಿವಿಗೆ ಬಾಗಿದರು. “ಸತ್ತವನಿಗೇ ಪುನಃ ಪುನಃ ಸಾಯೋ ಸಾಯೋ ಅಂತಾಳಲ್ಲೇ. ಎಂತ ಹೆಂಗಸು ಇದು?”

ಅದು ವಿದಾಯದ ಮಾತು ಎಂದೆ. “ಅರ್ಥ ಎಂತದಾದ್ರೂ ಇರ್ಲಿ. ಆಕೆ ಅವನನ್ನ ಕಳಿಸಿಬಿಟ್ಲು, ಅಷ್ಟೇ ಅಲ್ವಾ? ನಾನು ಕಳಿಸ್ಲಿಲ್ಲ.”

ಆಗ ನಾನು ಎದ್ದು ನಿಂತೆ. ಸಭೆ ಕಂಡರೆ ನನ್ನ ಕಾಲು ತಾನೇ ನಿಲ್ಲುತ್ತದೆ. ಮೂಲ ಕೃತಿಗೆ ನಿಷ್ಠೆ ಎಂದರೇನು, ಹಾಸ್ಯವನ್ನು ಕರುಣರಸ ನುಂಗಿದರೆ ನಷ್ಟ ಯಾರಿಗೆ, ಎಂದು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದೆ. ಅಡಿಬರಹ ನನ್ನದೆಂಬ ಸಣ್ಣ ಸಂಗತಿ ಬಿಟ್ಟು ಉಳಿದೆಲ್ಲ ಹೇಳಿದೆ. ಹಾರುಕಾ ಅದನ್ನು ನಾಲ್ಕು ವಾಕ್ಯದಲ್ಲಿ ದಾಟಿಸಿದಳು. ಮೊರಿತಾ ಕಣ್ಣು ಮುಚ್ಚಿ ಕೇಳಿದರು, ತಲೆಯಾಡಿಸಿದರು, ಏನೋ ಅಂದರು.

“ಒಳ್ಳೆಯ ಮನಸ್ಸಿನಿಂದ ಯೋಚಿಸುತ್ತಾರಂತೆ,” ಎಂದಳು ಹಾರುಕಾ.

ಗೆದ್ದೆ ಎಂದುಕೊಂಡು ಹೊರಗೆ ಬಂದೆ. ಮೆಟ್ಟಿಲ ಬಳಿ ಹಾರುಕಾ ಸಂಕೋಚದಿಂದ ಹೇಳಿದಳು, ಆ ಮಾತಿಗೆ ‘ಆಗುವುದಿಲ್ಲ’ ಎಂದು ಅರ್ಥ.

ಗಂಗಕ್ಕನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಇಲ್ಲ. “ನಾವು ಸಾಲ ಕೇಳಿದೋರಿಗೆ ‘ನೋಡಣ’ ಅನ್ನಲ್ವಾ? ಅದೇ.”

ಹತ್ತು ಸಾವಿರ ಹಳ್ಳ ಹೊಳೆ ದಾಟಿ ಬಂದರೂ ‘ನೋಡೋಣ’ ನಮಗಿಂತ ಮೊದಲೇ ಬಂದು ಕೂತಿತ್ತು. ಪ್ರದರ್ಶನಕ್ಕೆ ಐದು ದಿನ ಉಳಿದಿತ್ತು.

ಮೂರನೆಯ ದಿನ: ಚಪ್ಪಲಿ ಬಿಡುವ ಜಾಗ

ನಾವು ಉಳಿದುಕೊಂಡದ್ದು ವಯಸ್ಸಾದ ಗಂಡ ಹೆಂಡತಿ ನಡೆಸುವ ಸಣ್ಣ ವಸತಿಗೃಹ. ಅಲ್ಲಿ ಚಪ್ಪಲಿಯೇ ಒಂದು ಧರ್ಮಶಾಸ್ತ್ರ. ಬಾಗಿಲಲ್ಲಿ ಬೀದಿಯ ಚಪ್ಪಲಿ ಬಿಡಬೇಕು, ಇದು ನಮಗೂ ಗೊತ್ತು. ಒಳಗೆ ಬೇರೆ ಚಪ್ಪಲಿ. ಚಾಪೆಯ ಕೋಣೆಗೆ ಬರಿಗಾಲು. ಪಾಯಿಖಾನೆಗೆ ಅದರದ್ದೇ ಚಪ್ಪಲಿ. ಗಂಗಕ್ಕ ಆ ಕೊನೆಯದನ್ನೇ ಮೆಟ್ಟಿಕೊಂಡು ನೇರ ಊಟದ ಕೋಣೆಗೆ ಬಂದರು. ಮನೆಯಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಡಿ ಮೈಲಿಗೆ ಅರ್ಥವಾಗಲು ಭಾಷೆ ಬೇಕಿಲ್ಲ; ಗಂಗಕ್ಕ ಎಲ್ಲರಿಗಿಂತ ಮೊದಲು ನಾಚಿ, ಚಪ್ಪಲಿಯನ್ನು ವಾಪಸ್ ಇಟ್ಟು, ಪ್ರಾಯಶ್ಚಿತ್ತಕ್ಕೆಂದು ಬಾಗಿಲ ಬಳಿಯ ಚಪ್ಪಲಿಗಳನ್ನೆಲ್ಲ ಜೋಡಿಸುತ್ತ ಕೂತರು.

ಅಲ್ಲಿ ಕೂತದ್ದರಿಂದಲೇ ಅವರಿಗೆ ಸರಿಯಾಗಿ ಕೇಳಿಸಿತು.

“ಸಹನಾ, ಇಲ್ಲಿ ಬಾ. ಈ ಅಜ್ಜ ತೋಟಕ್ಕೆ ಹೊರಡುವಾಗ ದಿನಾ ಎಂತದೋ ಹೇಳ್ತಾನೆ. ಅಜ್ಜಿ ಒಳಗಿಂದ ಎಂತದೋ ಹೇಳ್ತಾಳೆ. ನಿನ್ನೆನೂ ಅದೇ, ಇವತ್ತೂ ಅದೇ. ತಲೆ ಎತ್ತಿ ನೋಡ್ದೆ ಹೇಳ್ತಾಳೆ, ಪಾತ್ರೆ ತೊಳೀತಾ. ಸಾಯೊನಾರಾ ಅಲ್ಲ ಅದು.”

“ಏನೋ ಇರುತ್ತೆ ಅಕ್ಕ. ಟಾಟಾ ಅಂತ ಇರುತ್ತೆ.”

“ನಿಂಗೆ ಎಲ್ಲದೂ ಬೈ, ಎಲ್ಲದೂ ಟಾಟಾ. ಕೇಳು ಆ ಹುಡುಗೀನ.”

ಹಾರುಕಾ ಬಂದೊಡನೆ ಕೇಳಿದೆ. ಆಕೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಮನೆಯಿಂದ ಹೊರಡುವವರು ‘ಇತ್ತೆ ಕಿಮಾಸ್’ ಎನ್ನುತ್ತಾರೆ, ಮನೆಯಲ್ಲಿರುವವರು ‘ಇತ್ತೆ ರಶ್ಶಾಯ್’ ಎನ್ನುತ್ತಾರೆ, ಅಷ್ಟೇ. ಇಂಗ್ಲಿಷಿನಲ್ಲಿ ‘ಬೈ’ ಎಂದಿಟ್ಟುಕೊಳ್ಳಿ ಎಂದಳು.

ನಾನು ಅವಳ ಕೈ ಹಿಡಿದೆ. “ಬೈ ಬೇಡ. ಪದಕ್ಕೆ ಪದ ಹೇಳು.”

ಆಕೆ ಸ್ವಲ್ಪ ಯೋಚಿಸಿದಳು. “ಮೊದಲನೆಯದು... ಹೋಗಿ ಬರುತ್ತೇನೆ. ಎರಡನೆಯದು... ಹೋಗಿ ಬನ್ನಿ.”

ನಾನು ಚಪ್ಪಲಿಗಳ ನಡುವೆಯೇ ಕೂತುಬಿಟ್ಟೆ. ಆ ಹುಡುಗಿಯೂ ನನ್ನ ಹಾಗೇ ಅದೇ ಗುಂಡಿಗೆ ಬಿದ್ದಿದ್ದಳು, ಆ ಕಡೆಯಿಂದ. ಒಂದೇ ಮಾತು ಎರಡು ಗುಡ್ಡಗಳಲ್ಲಿ ಇತ್ತು, ನಡುವೆ ದಾಟಲೆಂದು ‘ಬೈ’ ಎಂಬ ಸಣ್ಣ ಸಂಕ ಹಾಕಿ ಎರಡನ್ನೂ ನಾವೇ ಹೊಳೆಗೆ ಕೆಡವಿದ್ದೆವು.

ಗಂಗಕ್ಕನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಅಜ್ಜನ ಬೂಟನ್ನು ನೆಟ್ಟಗೆ ಇಟ್ಟರು. “ನೋಡ್ದಾ? ಸಂಸಾರಸ್ಥರು ಎಲ್ಲಿದ್ರೂ ಒಂದೇ ಮಾತಾಡೋದು. ನೀನು ಮದ್ವೆ ಆಗಿಲ್ಲ, ನಿಂಗೆ ಗೊತ್ತಾಗಲ್ಲ.” ಈ ತರ್ಕ ದೋಷಪೂರಿತ. ಆದರೆ ಅವತ್ತು ನಾನು ಆಕ್ಷೇಪ ಎತ್ತಲಿಲ್ಲ.

ತಾಲೀಮಿನ ಕೋಣೆಗೆ ಹೋದೆವು. ಈ ಬಾರಿ ಭಾಷಣ ಮಾಡಲಿಲ್ಲ. “ತಪ್ಪು ನನ್ನದು” ಎಂದೆ. “ನೀವು ಅತ್ತದ್ದು ನನ್ನ ಅಡಿಬರಹಕ್ಕೆ, ಸಿನಿಮಾಕ್ಕಲ್ಲ. ಸಿನಿಮಾದಲ್ಲಿ ಏನಿದೆ ಎಂದು ಈಗ ತೋರಿಸುತ್ತೇವೆ.” ಇಷ್ಟು ಚಿಕ್ಕ ಮಾತನ್ನು ನಾನು ಯಾವ ವೇದಿಕೆಯಲ್ಲೂ ಆಡಿರಲಿಲ್ಲ.

ದೆವ್ವದ ಪಾತ್ರದವನನ್ನು ಬಾಗಿಲಿಗೆ ನಿಲ್ಲಿಸಿದೆವು. ಮಂತ್ರವಾದಿ ಹಿಂದೆ ನಿಂತ. ಹೆಂಡತಿಯ ಜಾಗದಲ್ಲಿ ಗಂಗಕ್ಕ, ಸೆರಗು ಸಿಕ್ಕಿಸಿಕೊಂಡು. ಈಕೆ ‘ಹೋಗು’ ಎಂದರೆ ದೆವ್ವ ಹೋಗುತ್ತದೆ, ಅದೊಂದೇ ದಾರಿ, ಎಂದು ಹಾರುಕಾ ಎಲ್ಲರಿಗೂ ಜಪಾನಿ ಭಾಷೆಯಲ್ಲಿ ಹೇಳಿದಳು. ದೆವ್ವ ನಮ್ಮ ಸೂಚನೆಯಂತೆ ‘ಇತ್ತೆ ಕಿಮಾಸ್’ ಎಂದಿತು.

ಗಂಗಕ್ಕ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದರು. ಅವನನ್ನು ನೋಡಿದರು. “ಇತ್ತೆ... ರಶ್ಶಾಯ್.”

ಮೂಲೆಯಲ್ಲಿ ಪಿಯಾನೋ ಮುಂದೆ ಕೂತಿದ್ದವನು ಮೂಗಿನಿಂದ ಒಂದು ಸದ್ದು ಮಾಡಿದ. ಎಮಿ ಗೋಡೆ ಹಿಡಿದುಕೊಂಡಳು. ಮೊರಿತಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು, ಭುಜ ಕುಲುಕುತ್ತಿತ್ತು. ಮತ್ತೆ ಅಳಿಸಿಬಿಟ್ಟೆವೇ ಎಂದು ಹಾರುಕಾ ಕಡೆ ನೋಡಿದೆ. ಮೊರಿತಾ ಕೈ ತೆಗೆದರು. ನಗುತ್ತಿದ್ದರು. ಉಸಿರು ಸಿಗದಷ್ಟು ನಗುತ್ತಿದ್ದರು.

ಆಮೇಲೆ ಏನೋ ಕೂಗಿದರು. “ಹನ್ನೆರಡು ಸಾಲೂ ಕಿತ್ತು ಹಾಕಿ ಅಂದರು,” ಎಂದಳು ಹಾರುಕಾ. ಈ ಬಾರಿ ಅದರ ಅರ್ಥವೂ ಅದೇ ಆಗಿತ್ತು.

ಏಳನೆಯ ದಿನ: ಮಧ್ಯಾಹ್ನದ ಆಟ

ಊರಿನ ಸಭಾಂಗಣ ತುಂಬಿತ್ತು. ಹೆಚ್ಚಿನವರು ವಯಸ್ಸಾದವರು, ಟೀ ತೋಟದವರು. ನಮ್ಮಲ್ಲಿ ನಾಟಕವೆಂದರೆ ಅರ್ಧ ಸಭೆಯೂ ನಟಿಸುತ್ತದೆ. ಕೆಮ್ಮು, ಶಿಳ್ಳೆ, ‘ಹಿಂದೆ ನೋಡೋ ದೆವ್ವ ಇದೆ’ ಎಂಬ ಸಲಹೆ. ಇಲ್ಲಿ ಸೂಜಿ ಬಿದ್ದರೆ ಕ್ಷಮೆ ಕೇಳುವಂಥ ಮೌನ. ಮೊದಲ ಅರ್ಧದಲ್ಲಿ ನಗು ಬಂದರೂ ಕರವಸ್ತ್ರದೊಳಗೇ ಬಂತು. ಗಂಗಕ್ಕ ನನ್ನ ಮೊಣಕೈ ಹಿಡಿದುಕೊಂಡರು. “ಇವ್ರು ಸಂತೋಷವಾಗಿದಾರಾ, ಬೇಜಾರಲ್ಲಿದಾರಾ?”

“ಗೊತ್ತಾಗ್ತಿಲ್ಲ ಅಕ್ಕ.”

ಕೊನೆಯ ದೃಶ್ಯ ಬಂತು. ಹಾಡು ನಿಂತಿತು. ಪಿಯಾನೋ ಒಂದೇ ಸ್ವರವನ್ನು ಮೆಲ್ಲಗೆ ಮೀಟುತ್ತಿತ್ತು. ಮಂತ್ರವಾದಿ ಹಿಂದಿನಿಂದ ಕೈ ಬೀಸಿದ. ದೆವ್ವ ಹೊಸಿಲ ಮೇಲೆ ನಿಂತು, ದಿನಾ ಕೆಲಸಕ್ಕೆ ಹೊರಡುವವನಂತೆ, ಬೆನ್ನು ತಿರುಗಿಸಿಕೊಂಡೇ ಹೇಳಿತು: “ಇತ್ತೆ ಕಿಮಾಸ್.”

ಎಮಿ ಬಾಯಿ ತೆರೆಯಲಿಲ್ಲ. ಅಲ್ಲಿ ಮೊರಿತಾ ಎರಡು ಕ್ಷಣ ಮೌನ ಇಟ್ಟಿದ್ದರು.

ಆ ಮೌನದಲ್ಲಿ ಎರಡನೆಯ ಸಾಲಿನಿಂದ, ಮಡಿಲಲ್ಲಿ ಚೀಲ ಇಟ್ಟುಕೊಂಡಿದ್ದ ಒಬ್ಬ ಅಜ್ಜಿ, ಯೋಚಿಸದೆ, ಐವತ್ತು ವರ್ಷದ ಅಭ್ಯಾಸದಲ್ಲಿ, ಥಟ್ಟನೆ ಗಟ್ಟಿಯಾಗಿ ಹೇಳಿಬಿಟ್ಟರು: “ಇತ್ತೆ ರಶ್ಶಾಯ್!”

ಹೇಳಿ, ತಾನೇನು ಮಾಡಿದೆನೆಂದು ತಿಳಿದು, ಬಾಯಿ ಮುಚ್ಚಿಕೊಂಡರು. ರಂಗದ ಮೇಲೆ ಮಂತ್ರವಾದಿ ಆ ಅಜ್ಜಿಯ ಕಡೆ ತಿರುಗಿ, ತಲೆಯ ಮೇಲೆ ಕೈ ಹೊತ್ತು, ದೊಪ್ಪೆಂದು ಕೂತ.

ಸಭಾಂಗಣ ಒಡೆಯಿತು. ಏಳು ದಿನದಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ ಊರು ಕೈ ತೆಗೆಯಿತು. ಜನ ಪಕ್ಕದವರ ಭುಜಕ್ಕೆ ಹೊಡೆದು ನಕ್ಕರು. ಇನ್ನೂ ನಾಲ್ಕಾರು ಕಡೆಯಿಂದ ‘ಇತ್ತೆ ರಶ್ಶಾಯ್’ ಕೇಳಿತು, ಈಗ ಬೇಕೆಂದೇ. ಎಮಿ ಸಹ ನಗು ತಡೆಯಲಾರದೆ ಕಣ್ಣೊರೆಸಿಕೊಂಡು ತನ್ನ ಮಾತನ್ನು ಹೇಳಿದಳು, ಯಾರಿಗೂ ಕೇಳಿಸಲಿಲ್ಲ. ದೆವ್ವ ಸಭೆಗೆಲ್ಲ ಬಗ್ಗಿ ನಮಸ್ಕರಿಸಿ, ಮರುದಿನ ಬರುವ ಭರವಸೆ ಕೊಟ್ಟು ಹೊರಟಿತು.

ಗಂಗಕ್ಕ ಎದ್ದು ನಿಂತಿದ್ದರು. “ನನ್ ಮಾತು!” ಎಂದು ಕನ್ನಡದಲ್ಲೇ ಸುತ್ತಲಿನವರಿಗೆಲ್ಲ ಹೇಳುತ್ತಿದ್ದರು. “ಅದು ನನ್ ಮಾತು ಕಣ್ರೀ!” ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಒಪ್ಪಿ ತಲೆಯಾಡಿಸಿದರು. ಮೊರಿತಾ ಅವರನ್ನು ರಂಗಕ್ಕೆ ಕರೆದೊಯ್ದರು. ಬಣಕಲ್‌ನ ದಿನಸಿ ಅಂಗಡಿಯ ಒಡತಿ ಆ ಬೆಳಕಿನಲ್ಲಿ ಕೈ ಮುಗಿದು ನಿಂತಾಗ ನನ್ನ ಕಣ್ಣೂ ಒದ್ದೆಯಾಗಿತ್ತು. ಇದಕ್ಕೆ ಯಾವ ಅಡಿಬರಹವೂ ಕಾರಣವಲ್ಲ.

ಪರದೆಯ ಹಿಂದೆ ಎಮಿ ಗಂಗಕ್ಕನ ಕೈ ಹಿಡಿದು ಹಾರುಕಾ ಮೂಲಕ ಒಂದು ಮಾತು ಹೇಳಿದಳು. ಸಿನಿಮಾದ ಆ ದೃಶ್ಯವನ್ನು ನಾನು ನೂರು ಸಲ ನೋಡಿದ್ದೇನೆ, ‘ಹೋಗಿ’ಗೂ ‘ಬನ್ನಿ’ಗೂ ನಡುವೆ ನೀವು ಒಂದು ಉಸಿರು ತೆಗೆದುಕೊಳ್ಳುತ್ತೀರಿ, ಆ ಉಸಿರು ನನಗೆ ಕೊನೆಗೂ ಬರಲಿಲ್ಲ ಎಂದು.

ನಾನು ಆ ದೃಶ್ಯವನ್ನು ಅಡಿಬರಹಕ್ಕಾಗಿ ಅವಳಿಗಿಂತ ಹೆಚ್ಚು ಸಲ ನೋಡಿದ್ದೆ. ಕಿವಿಗೆ ಬಿದ್ದಿರಲಿಲ್ಲ. ಫೋನು ತೆಗೆದು ಅಲ್ಲೇ ಹಾಕಿ ನೋಡಿದೆ. ಇದೆ. ಹೊಸಿಲ ಮೇಲೆ ಅಕ್ಕಿಹಿಟ್ಟು ಬಳಿದುಕೊಂಡ ಶಿವಣ್ಣ. ‘ಹೋಗಿ’ ಎಂದು ಗಂಗಕ್ಕ ಕಥೆಯಲ್ಲಿದ್ದ ಹಾಗೇ ಹೇಳಿ ಮುಗಿಸುತ್ತಾರೆ. ಗಂಡನ ಮುಖ ನೋಡುತ್ತಾರೆ. ಉಸಿರು. ‘ಬನ್ನಿ.’

ಎರಡನೆಯ ಸಾಲಿನ ಅಜ್ಜಿಯ ಬಾಯಿ ತಪ್ಪಿದ್ದನ್ನು ನಾನು ಈಗಷ್ಟೇ ಕೇಳಿದ್ದೆ. ತಪ್ಪಿ ಬರುವ ಮಾತು ಉಸಿರು ತೆಗೆದುಕೊಂಡು ಬರುವುದಿಲ್ಲ.

ಗಂಗಕ್ಕ ಅಷ್ಟರಲ್ಲಿ ಊರಿಗೆ ಫೋನು ಹಚ್ಚಿದ್ದರು. ಅತ್ತಲಿಂದ ಶಿವಣ್ಣನವರು ಬೆಲ್ಲದ ಡಬ್ಬ ಎಲ್ಲಿ ಎಂದು ಕೇಳುತ್ತಿದ್ದರು. ಮೇಲಿನ ಅಟ್ಟಣೆಯಲ್ಲಿ, ಎಡಗಡೆ, ಎಂದು ಗಂಗಕ್ಕ ಹೇಳಿ ಫೋನು ಇಟ್ಟರು. ನನ್ನ ಕೈಯಲ್ಲಿದ್ದ ಫೋನಿನ ಪರದೆಯ ಮೇಲೆ ತಮ್ಮದೇ ಮುಖ ನಿಂತಿರುವುದನ್ನು ನೋಡಿದರು, ಸೆರಗು ಸರಿಮಾಡಿಕೊಂಡರು, ಸಭೆಯತ್ತ ತಿರುಗಿದರು.

“ಗಂಗಕ್ಕ,” ಎಂದೆ, “ಅವತ್ತು ಬಾಯಿ ತಪ್ಪಿತು ಅಂತ ನಮಗೆಲ್ಲ ಹೇಳಿದ್ರಲ್ಲ, ನಿಜ ಹೇಳಿ, ನಿಮ್ಮ ಬಾಯಿ ತಪ್ಪಿದ್ದೋ, ಇಲ್ಲಾ ಸುಮ್ಮನೆ ಸಿನಿಮಾಕ್ಕಾದ್ರೂ ಶಿವಣ್ಣನಿಗೆ ಹೋಗಿ ಅನ್ನೋಕೆ ನಿಮಗೆ ಮನಸ್ಸು ಬರಲಿಲ್ವೋ?”